ಬೀರುವಿನ ಬೂಷ್ಟು ಮತ್ತೆ ಮತ್ತೆ ಬರುವುದೇಕೆ?

ಪ್ರಶ್ನೆ: ಮಳೆಗಾಲದಲ್ಲಿ ನಮ್ಮ ಮರದ ಬೀರುವಿಗೆ ಬೂಷ್ಟು ಹಿಡಿಯುತ್ತದೆ. ಒರೆಸಿದರೂ ಮತ್ತೆ ಹಾಜರ್. ಏಕೆ?

ಉತ್ತರ: ನೀವು ಒರೆಸಿದ್ದು ಮೇಲಿನ ಬಿಳಿ ಪದರವನ್ನಷ್ಟೇ. ಬೂಷ್ಟು ಒಂದು ಶಿಲೀಂಧ್ರ. ಅದರ ಎಳೆಗಳು ಮರದ ಸಂದುಗಳಲ್ಲಿ ಉಳಿದಿರುತ್ತವೆ. ಗಾಳಿಯ ತೇವಾಂಶ ಶೇ. 70–80 ದಾಟಿದರೆ ಮತ್ತೆ ಚಿಗುರುತ್ತವೆ. ಮಲೆನಾಡಿನ ಆಷಾಢದಲ್ಲಿ ತೇವಕ್ಕೇನು ಬರ! ಒಣಬಟ್ಟೆಯಿಂದ ಕೊಡವಬೇಡಿ, ಬೀಜಕಣಗಳು ಮನೆಯೆಲ್ಲ ಹರಡುತ್ತವೆ. ಸೋಪಿನ ನೀರಲ್ಲಿ ಅದ್ದಿ ಗಟ್ಟಿಯಾಗಿ ಹಿಂಡಿದ ಬಟ್ಟೆಯಿಂದ ಒರೆಸಿ, ಆಮೇಲೆ ಬಿಳಿ ವಿನೆಗರ್ ಸವರಿ, ಫ್ಯಾನ್ ಗಾಳಿಗೆ ಪೂರ್ತಿ ಒಣಗಿಸಿ. ಪಾಲಿಶ್ ಇದ್ದರೆ ಮೊದಲು ಹಿಂಬದಿಯ ಮೂಲೆಯಲ್ಲಿ ಪರೀಕ್ಷಿಸಿ. ಬ್ಲೀಚ್ ಬೇಡ: ಅದರ ನೀರು ಮರಕ್ಕಿಳಿದರೆ ಬೂಷ್ಟಿಗೇ ಅನುಕೂಲ, ವಿನೆಗರ್ ಜೊತೆ ಬೆರೆತರಂತೂ ವಿಷಾನಿಲ ಹೊರಡುತ್ತದೆ. ಬೀರುವನ್ನು ಗೋಡೆಯಿಂದ ನಾಲ್ಕು ಬೆರಳು ದೂರ ಸರಿಸಿ, ಹಿಂದೆ ಗಾಳಿಯಾಡಲಿ.