ಲೆಕ್ಕ ಬಲ್ಲವರೂ ಬೇಕು, ಡೇಟಾಬೇಸ್ ಬಲ್ಲವರೂ ಬೇಕು: ಪಿಎಚ್‌ಡಿ ಕಮಿಟಿಗೆ ಜನ ಹುಡುಕೋದು ಹೇಗೆ?

ಈ ಸಂಚಿಕೆಯ ವಿಷಯದ ಹೆಸರೇ ಸ್ವಲ್ಪ ಉದ್ದ: ಅಕೌಂಟಿಂಗ್ ಇನ್ಫರ್ಮೇಶನ್ ಸಿಸ್ಟಮ್ಸ್. ಚಿಕ್ಕದಾಗಿ ಎಐಎಸ್. ಕಂಪನಿಯ ಲೆಕ್ಕ ಸಾಫ್ಟ್‌ವೇರ್‌ನಲ್ಲಿ ಹೇಗೆ ದಾಖಲಾಗುತ್ತೆ, ಅದನ್ನ ಎಷ್ಟು ನಂಬಬಹುದು, ಆಡಿಟರ್ ಹೇಗೆ ಪರೀಕ್ಷಿಸ್ತಾರೆ ಅನ್ನೋದನ್ನ ಇದು ನೋಡುತ್ತೆ.

ಎಂ.ಕಾಂ ಮುಗಿಸಿ ಇದರಲ್ಲಿ ಪಿಎಚ್‌ಡಿ ಮಾಡ್ತೀನಿ ಅಂದವರಿಗೆ ಒಂದು ತೊಡಕಿದೆ. ಕಾಮರ್ಸ್ ವಿಭಾಗದಲ್ಲಿ ಕೇಳಿದ್ರೆ ಇದು ಕಂಪ್ಯೂಟರ್ ವಿಷಯ ಅನ್ನಬಹುದು. ಕಂಪ್ಯೂಟರ್ ಸೈನ್ಸ್‌ನವರು ಇದು ಲೆಕ್ಕಪತ್ರದ್ದು ಅನ್ನಬಹುದು. ಮಧ್ಯೆ ಸಿಕ್ಕಿಕೊಂಡ ವಿದ್ಯಾರ್ಥಿಯ ವರ್ಷಗಳು ಕಳೆದುಹೋಗುತ್ತವೆ.

ಇದಕ್ಕೆ ಪರಿಹಾರ ಕಮಿಟಿ. ಅಮೆರಿಕದಲ್ಲಿ ಇದನ್ನ ಡಿಸರ್ಟೇಶನ್ ಕಮಿಟಿ ಅಂತಾರೆ. ಭಾರತದಲ್ಲಿ ಯುಜಿಸಿಯ 2022ರ ನಿಯಮದ ಪ್ರಕಾರ ಪ್ರತಿ ವಿದ್ಯಾರ್ಥಿಗೂ ಸಂಶೋಧನಾ ಸಲಹಾ ಸಮಿತಿ ಇರಬೇಕು, ಪ್ರತಿ ಸೆಮಿಸ್ಟರ್ ಅದರ ಮುಂದೆ ಕೆಲಸದ ವರದಿ ಕೊಡಬೇಕು. ಎರಡು ವಿಭಾಗಕ್ಕೆ ಸೇರೋ ವಿಷಯವಾದ್ರೆ ಹೊರಗಿನ ವಿಭಾಗದಿಂದ ಸಹ-ಮಾರ್ಗದರ್ಶಕರನ್ನೂ ತೆಗೆದುಕೊಳ್ಳಬಹುದು. ಎಐಎಸ್‌ನವರಿಗೆ ಈ ಅವಕಾಶ ತುಂಬಾ ಮುಖ್ಯ.

ಯಾಕೆ ಅಂತ ಒಂದು ಉದಾಹರಣೆ ನೋಡಿ. 2023ರ ಏಪ್ರಿಲ್ 1ರಿಂದ ಭಾರತದ ಕಂಪನಿಗಳು ಬಳಸೋ ಅಕೌಂಟಿಂಗ್ ಸಾಫ್ಟ್‌ವೇರ್‌ನಲ್ಲಿ ಆಡಿಟ್ ಟ್ರೇಲ್ ಇರಲೇಬೇಕು. ಅಂದ್ರೆ ಒಂದು ಎಂಟ್ರಿಯನ್ನ ತಿದ್ದಿದ್ರೆ ಅದರ ಗುರುತು ಉಳಿಯಬೇಕು. ಇದರಿಂದ ಲೆಕ್ಕದ ವಂಚನೆ ಕಡಿಮೆ ಆಯ್ತಾ ಅನ್ನೋದು ನಿಮ್ಮ ಪ್ರಶ್ನೆ ಅಂತಿಟ್ಟುಕೊಳ್ಳಿ. ಕಾನೂನು ಮತ್ತು ಆಡಿಟ್ ಬಲ್ಲವರು ಒಬ್ಬರು ಬೇಕು. ಆ ಗುರುತು ಡೇಟಾಬೇಸ್‌ನಲ್ಲಿ ಹೇಗೆ ಉಳಿಯುತ್ತೆ ಅಂತ ಹೇಳೋಕೆ ಇನ್ನೊಬ್ಬರು. ಅಂಕಿಅಂಶದಿಂದ ಯಾವ ತೀರ್ಮಾನಕ್ಕೆ ಬರಬಹುದು, ಯಾವುದಕ್ಕೆ ಬರಬಾರದು ಅಂತ ತಡೆದು ಹೇಳೋಕೆ ಮೂರನೆಯವರು.

ಈ ಕ್ಷೇತ್ರ ಬೆಳೆದದ್ದೂ ಹೀಗೇ. 1976ರಲ್ಲಿ ಪೀಟರ್ ಚೆನ್ ಡೇಟಾಬೇಸ್‌ಗಾಗಿ ಎಂಟಿಟಿ-ರಿಲೇಶನ್‌ಶಿಪ್ ಮಾದರಿ ಕೊಟ್ರು. ವಿಲಿಯಂ ಮೆಕಾರ್ಥಿ ಆ ವಿಚಾರವನ್ನ ಲೆಕ್ಕಪತ್ರಕ್ಕೆ ತಂದು, 1982ರಲ್ಲಿ ಆರ್‌ಇಎ ಅನ್ನೋ ಮಾದರಿ ಪ್ರಕಟಿಸಿದ್ರು. ಎರಡು ಕಡೆಯ ಓದು ಸೇರದೆ ಇದು ಆಗ್ತಿರಲಿಲ್ಲ.

ಸರಿ, ಜನರನ್ನ ಎಲ್ಲಿ ಹುಡುಕೋದು? ನಿಮ್ಮ ಪ್ರಶ್ನೆಗೆ ಹತ್ತಿರದ ನಾಲ್ಕೈದು ಲೇಖನ ತೆಗೆದುಕೊಳ್ಳಿ. ಅಮೆರಿಕನ್ ಅಕೌಂಟಿಂಗ್ ಅಸೋಸಿಯೇಷನ್‌ನ ಜರ್ನಲ್ ಆಫ್ ಇನ್ಫರ್ಮೇಶನ್ ಸಿಸ್ಟಮ್ಸ್‌ನಿಂದ ಶುರು ಮಾಡಬಹುದು. ಬರೆದವರ ಹೆಸರಿನ ಜೊತೆ, ಅವರು ಯಾರಿಗೆ ಧನ್ಯವಾದ ಹೇಳಿದ್ದಾರೆ ಅಂತಾನೂ ನೋಡಿ. ಬೇರೆಯವರ ಬರಹ ಓದಿ ಸಲಹೆ ಕೊಡೋ ಜನ ಅಲ್ಲಿ ಸಿಗ್ತಾರೆ. ಭಾರತದ ಪ್ರಬಂಧಗಳು ಶೋಧಗಂಗಾದಲ್ಲಿ ಉಚಿತವಾಗಿವೆ. ಯಾವ ಗೈಡ್ ಕೈಕೆಳಗೆ ಯಾವ ಥೀಸಿಸ್ ಬಂದಿದೆ ಅಂತ ಅಲ್ಲೇ ಗೊತ್ತಾಗುತ್ತೆ.

ಮೇಲ್ ಬರೆಯುವಾಗ ‘ಸರ್, ನನಗೆ ಗೈಡ್ ಆಗಿ’ ಅಂತ ಶುರು ಮಾಡಬೇಡಿ. ಒಂದೇ ಪುಟದಲ್ಲಿ ಮೂರು ಮಾತು ಹೇಳಿ: ನಿಮ್ಮ ಪ್ರಶ್ನೆ ಏನು, ಡೇಟಾ ಎಲ್ಲಿಂದ ತರ್ತೀರಿ, ಅವರ ಯಾವ ಕೆಲಸ ಓದಿ ಅವರನ್ನೇ ಕೇಳ್ತಿದ್ದೀರಿ. ಇಪ್ಪತ್ತು ನಿಮಿಷ ಮಾತಾಡೋಕೆ ಸಮಯ ಕೇಳಿ. ಆಗಲ್ಲ ಅಂದ್ರೆ, ಇನ್ಯಾರನ್ನ ಕೇಳಬಹುದು ಅಂತ ವಿಚಾರಿಸಿ. ಆ ಒಂದು ಹೆಸರೂ ಲಾಭವೇ.

ಒಪ್ಪಿಕೊಳ್ಳೋ ಮುಂಚೆ ಲೆಕ್ಕ ಹಾಕಬೇಕಾದ್ದು ಇನ್ನೊಂದಿದೆ. ಯುಜಿಸಿ ನಿಯಮದಲ್ಲಿ ಒಂದು ಸಮಯಕ್ಕೆ ಪ್ರೊಫೆಸರ್ 8, ಅಸೋಸಿಯೇಟ್ ಪ್ರೊಫೆಸರ್ 6, ಅಸಿಸ್ಟೆಂಟ್ ಪ್ರೊಫೆಸರ್ 4 ವಿದ್ಯಾರ್ಥಿಗಳಿಗೆ ಮಾತ್ರ ಮಾರ್ಗದರ್ಶನ ಮಾಡಬಹುದು. ನಿವೃತ್ತಿಗೆ 3 ವರ್ಷಕ್ಕಿಂತ ಕಡಿಮೆ ಇದ್ದವರು ಹೊಸಬರನ್ನ ತೆಗೆದುಕೊಳ್ಳುವಂತಿಲ್ಲ. ಸೀಟು ಖಾಲಿ ಇದೆಯಾ ಅಂತ ಮೊದಲೇ ಕೇಳಿದ್ರೆ ತಿಂಗಳುಗಟ್ಟಲೆ ಕಾಯೋದು ತಪ್ಪುತ್ತೆ.

ಮುಖ್ಯ ಗೈಡ್‌ಗೆ ತಿಳಿಸದೆ ಉಳಿದವರನ್ನ ಕರೆಯಬೇಡಿ. ಇಬ್ಬರು ಹಿರಿಯರಿಗೆ ಒಬ್ಬರನ್ನೊಬ್ಬರು ಕಂಡ್ರೆ ಆಗಲ್ಲ ಅಂದ್ರೆ, ಅದರ ಪೆಟ್ಟು ಬೀಳೋದು ನಿಮ್ಮ ಥೀಸಿಸ್ ಮೇಲೆ. ಅವರ ಹತ್ರ ಈಗ ಓದ್ತಿರೋ ವಿದ್ಯಾರ್ಥಿಗಳನ್ನ ಮಾತಾಡಿಸಿ. ಡ್ರಾಫ್ಟ್ ಕೊಟ್ರೆ ಎಷ್ಟು ದಿನಕ್ಕೆ ಓದಿ ಕೊಡ್ತಾರೆ ಅಂತ ಕೇಳಿ. ದೊಡ್ಡ ಹೆಸರಿಗಿಂತ, ಓದಿ ವಾಪಸ್ ಕೊಡೋರೇ ನಿಮಗೆ ಬೇಕಾದವರು.

ನಿಮ್ಮ ಪ್ರಶ್ನೆಗಳನ್ನ ನಮಗೆ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.