ಗಣಿಗೆ ಇಳಿಯುವವರ ಪಟ್ಟಿ

ಹುಲಕೋಟಿಯವರಾದ ನಮಗೆ ಬಂಗಾರದ ಮಾತು ಹೊಸದಲ್ಲ. ಗದುಗಿನಾಚೆಯ ಕಪ್ಪತಗುಡ್ಡದ ಸಾಲಿನಲ್ಲಿ ಹಿಂದಿನವರು ಬಂಗಾರಕ್ಕಾಗಿ ತೋಡಿದ ಗುಳಿಗಳುಂಟು. ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಕಂಪನಿಗಳೂ ಅಲ್ಲಿ ಅಗೆದು ಕೈಬಿಟ್ಟವು. ಆದರೆ ಕೆಲಸ ನಡೆದಿರುವ ಗಣಿಯನ್ನು ಕಾಣಬೇಕಾದರೆ, ಕೋಲಾರದ ಗಣಿಗಳು 2001ರಲ್ಲಿ ಮುಚ್ಚಿದ ಮೇಲೆ, ರಾಯಚೂರು ಜಿಲ್ಲೆಯ ಹಟ್ಟಿಗೇ ಹೋಗಬೇಕು.

ಕೆಲವು ವರ್ಷಗಳ ಹಿಂದೆ ವಿದ್ಯಾರ್ಥಿಗಳೊಡನೆ ಅಲ್ಲಿಗೆ ಹೊರಟಾಗ, ಕನ್ನಡದ ಮೇಷ್ಟರಿಗೆ ಗಣಿಯ ಗೊಡವೆ ಏಕೆಂದು ಸಹೋದ್ಯೋಗಿಗಳು ನಕ್ಕರು. ಹಟ್ಟಿಯ ಸೀಮೆಯಲ್ಲಿಯೇ ಮಸ್ಕಿಯಿದೆ. ಅಶೋಕನ ಹೆಸರನ್ನೇ ಹೇಳುವ ಅಲ್ಲಿಯ ಶಾಸನವನ್ನು 1915ರಲ್ಲಿ ಬೆಳಕಿಗೆ ತಂದವನು ಬಂಗಾರವನ್ನರಸಿ ಬಂದ ಬೀಡನ್ ಎಂಬ ಎಂಜಿನಿಯರು. ಬಂಗಾರ ಹುಡುಕಿದವನಿಗೆ ಅಕ್ಷರ ದೊರೆಯಿತು. ಅಕ್ಷರ ಬಲ್ಲವರು ಬಂಗಾರದ ಬಳಿಗೆ ಹೋದರೆ ತಪ್ಪೇನು?

ಇಂತಹ ಪ್ರವಾಸವನ್ನು ಏರ್ಪಡಿಸುವುದೆಂದರೆ ಹೆಸರುಗಳನ್ನು ಸೇರಿಸುವುದಲ್ಲ, ಹೊಡೆದುಹಾಕುವುದು. ಮೊದಲೇ ಪತ್ರ ಬರೆದು ಅಪ್ಪಣೆ ಪಡೆಯಬೇಕು. ಕೇಜಿನಲ್ಲಿ ಹಿಡಿಸುವಷ್ಟೇ ಜನ, ಸಿಡಿಮದ್ದು ಹಾರಿಸದ ಹೊತ್ತಿನಲ್ಲಿ, ಜೊತೆಗೊಬ್ಬ ಗಣಿಯವನೊಡನೆ ಇಳಿಯಬೇಕು. ಹದಿನೆಂಟು ತುಂಬದವರಿಗೆ ಪ್ರವೇಶವಿಲ್ಲ. ಹೀಗೆ ಹೊಡೆದ ಹೆಸರುಗಳಲ್ಲಿ, ಹುಲಕೋಟಿಯ ಸೋದರಮಾವನ ಮನೆಯಲ್ಲಿದ್ದು ಓದುತ್ತಿದ್ದ ಹುಡುಗನೊಬ್ಬನದೂ ಇತ್ತು. ಅವನ ತಂದೆ ಅದೇ ಗಣಿಯ ಕಾರ್ಮಿಕ. ಹುಡುಗ ಮರುಮಾತಾಡಲಿಲ್ಲ, ನಮ್ಮೊಡನೆ ಬಂದು ಹಟ್ಟಿಯ ತನ್ನ ಮನೆಯಲ್ಲಿಯೇ ಉಳಿದನು.

ಶಿರಸ್ತ್ರಾಣ, ಬೂಟು, ತಲೆಯ ಮೇಲಿನ ದೀಪ. ಇಳಿಯುವ ಮುನ್ನ ಎಣಿಕೆ, ಏರಿ ಬಂದಾಗ ಮತ್ತೆ ಎಣಿಕೆ. ಕೇಜು ಇಳಿದಂತೆ ಕಿವಿ ಗವ್ವೆಂದಿತು. ಕೆಳಗೆ ಸೆಕೆ, ತೊಟ್ಟಿಕ್ಕುವ ನೀರು, ಯಂತ್ರಗಳ ಅಬ್ಬರ. ಒಂದು ಟನ್ ಕಲ್ಲಿನಲ್ಲಿ ದೊರೆಯುವ ಬಂಗಾರ ಕೆಲವೇ ಗ್ರಾಂ ಎಂದು ಜೊತೆಗಿದ್ದವರು ತಿಳಿಸಿದರು. ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ಇಲ್ಲಿ ಬಂಡೆಯನ್ನು ಬೆಂಕಿಯಿಂದ ಕಾಯಿಸಿ, ಒಡೆದು, ನೂರಾರು ಅಡಿ ಇಳಿದವರ ನೆನಪಾಗಿ ಮೈ ಜುಮ್ಮೆಂದಿತು. ನಮಗೆ ದಾರಿ ಬಿಡಲೆಂದು ನಾಲ್ಕಾರು ಕಾರ್ಮಿಕರು ಕೆಲಸ ನಿಲ್ಲಿಸಿ ಗೋಡೆಗೆ ಒತ್ತಿ ನಿಂತರು. ನಾವು ಬಂಡೆಯೊಳಗಿನ ಬಿಳಿಯ ಗೆರೆಯನ್ನು ನೋಡುತ್ತ ಮುಂದೆ ನಡೆದೆವು.

ಸಂಜೆ ಬಸ್ಸಿನ ಬಳಿ ಆ ಹುಡುಗ ಕಾದಿದ್ದನು. ಮೆಲ್ಲನೆ ಕೇಳಿದನು: “ನಮ್ಮಪ್ಪ ಎಂಥಾ ಜಾಗಾದಾಗ ನಿಂತು ಕೆಲಸ ಮಾಡ್ತಾನ್ರಿ, ಸರ್? ಮನ್ಯಾಗ ಏನೂ ಹೇಳೂದಿಲ್ರಿ.”

ನಾನು ಆಳವನ್ನು ಹೇಳಿದೆ, ಸೆಕೆಯನ್ನು ಹೇಳಿದೆ, ಅಶೋಕನ ಕಾಲವನ್ನೂ ಹೇಳಿದೆ. ಗೋಡೆಗೆ ಒತ್ತಿ ನಿಂತವರಲ್ಲಿ ಅವನ ತಂದೆ ಇದ್ದನೆ? ಒಬ್ಬರ ಮುಖವನ್ನೂ ನಾನು ನೋಡಿರಲಿಲ್ಲ. ಒಬ್ಬರ ಹೆಸರನ್ನೂ ಕೇಳಿರಲಿಲ್ಲ.

ಗಣಿ ಗುಡಿಯೂ ಅಲ್ಲ, ಜಾತ್ರೆಯೂ ಅಲ್ಲ. ಅದು ಹಲವರ ಅನ್ನದ ಜಾಗ. ವಿದ್ಯಾರ್ಥಿಗಳನ್ನು ಕರೆದೊಯ್ಯುವ ಉಪಾಧ್ಯಾಯ ಬಂಧುಗಳು ಅಪ್ಪಣೆಪತ್ರದೊಡನೆ ಇದೊಂದನ್ನೂ ಒಯ್ಯಲಿ: ಅಲ್ಲಿ ದುಡಿಯುವವರೊಡನೆ ಮಾತನಾಡಲು ಅರ್ಧ ಗಂಟೆಯ ಬಿಡುವು. ಮರುವರ್ಷದ ಪಟ್ಟಿಯಲ್ಲಿ ನಾನು ಮೊದಲು ಬರೆದದ್ದು ಆ ಹುಡುಗನ ಹೆಸರು. ಅವನಿಗೆ ಆಗ ಹದಿನೆಂಟು ತುಂಬಿತ್ತು.