ಕಾರಿನ ಸೈಲೆನ್ಸರ್ ತೂತಾದರೆ ನಮಗೇನು ಅನ್ನಬೇಡಿ!

"ಕಾರಿನ ಉಸಾಬರಿ ಗಂಡಸರದ್ದು, ನಮಗ್ಯಾಕೆ?" ಎಂದು ಈ ಪುಟ ಮಗುಚುವ ಮೊದಲು ಸ್ವಲ್ಪ ತಾಳಿ. ಹೋದ ಮಳೆಗಾಲದವರೆಗೆ ನಾನೂ ಹಾಗೇ ಅಂದುಕೊಂಡಿದ್ದವಳು. ಕಾರು ಎಂದರೆ ನನ್ನ ಪಾಲಿಗೆ ತಿಂಡಿಯ ಡಬ್ಬಿ, ನೀರಿನ ಬಾಟಲಿ, ಯಾರಿಗಾದರೂ ವಾಂತಿ ಬಂದರೆ ಇರಲಿ ಎಂದು ಎರಡು ಪ್ಲಾಸ್ಟಿಕ್ ಚೀಲ. ಅಷ್ಟೇ.

ನಮ್ಮದು ಸಾಗರ. ಮನೆಯಲ್ಲಿರುವುದು 2009ರ ಮಾರುತಿ 800. ಆ ಮಾದರಿಯ ತಯಾರಿಕೆಯೇ 2014ರಲ್ಲಿ ನಿಂತುಹೋಯಿತು. ನಮ್ಮದಕ್ಕೆ ಮಾತ್ರ ಇನ್ನೂ ದುಡಿಮೆ ತಪ್ಪಿಲ್ಲ. ದಿನವೂ ಅಂಗಡಿ, ಶಾಲೆ ಎಂದು ಒಂದೆರಡು ಕಿಲೋಮೀಟರ್. ಹದಿನೈದು ದಿನಕ್ಕೊಮ್ಮೆ ಹೊಸನಗರದ ಕಡೆ ಇರುವ ನಮ್ಮ ಅತ್ತೆಯ ಮನೆಗೆ ಒಂದು ಗಂಟೆಯ ಪಯಣ.

ಜೂನ್ ತಿಂಗಳ ಒಂದು ಸಂಜೆ ರಸ್ತೆಯ ಹಂಪಿಗೆ ಕಾರಿನ ಹೊಟ್ಟೆ 'ಕರ್' ಎಂದು ಉಜ್ಜಿತು. ಅಲ್ಲಿಂದಾಚೆ ನಮ್ಮ ಪುಟ್ಟ ಕಾರು ಲಾರಿಯ ಹಾಗೆ ಗುಡುಗಲು ಶುರು. "ಸೈಲೆನ್ಸರ್ ತೂತಾಗಿದೆ. ಸದ್ದು ತಾನೇ, ಓಡ್ತದೆ ಬಿಡು" ಎಂದರು ನಮ್ಮವರು. ವೆಲ್ಡಿಂಗ್ ಅಂಗಡಿಯಲ್ಲಿ ಒಂದು ತೇಪೆ ಹಾಕಿಸಿದರು. ಸದ್ದು ಇಳಿಯಿತು. ಹದಿನೈದು ದಿನದಲ್ಲಿ ಮತ್ತೆ ಸಣ್ಣಗೆ 'ಬುಸ್ ಬುಸ್' ಎನ್ನತೊಡಗಿತು. ಯಾರೂ ತಲೆಗೆ ಹಚ್ಚಿಕೊಳ್ಳಲಿಲ್ಲ.

ಮಗಳ ತಲೆನೋವು

ಅದೇ ಸಮಯಕ್ಕೆ ಏಳನೇ ತರಗತಿಯ ನಮ್ಮ ಮಗಳಿಗೆ ತಲೆನೋವು ಹಿಡಿಯಿತು. ಅಜ್ಜಿಯ ಮನೆ ತಲುಪುವ ಹೊತ್ತಿಗೆ ಮುಖ ಬಾಡಿರುತ್ತಿತ್ತು. ಊಟ ಬೇಡ, ಮಾತು ಬೇಡ, ಹೋಗಿ ಮಲಗಿಬಿಡುವಳು. ಎರಡು ಗಂಟೆ ಕಳೆದರೆ ಹುಷಾರು! "ನಮ್ಮ ಹಳ್ಳಿಗೆ ಬರೋದಕ್ಕೆ ಈಗಿನ ಮಕ್ಕಳಿಗೆಲ್ಲಿ ಮನಸ್ಸು? ಅದಕ್ಕೊಂದು ನೆವ" ಎಂದು ಅತ್ತೆ ಮುಖ ಸಣ್ಣ ಮಾಡಿಕೊಂಡರು. ನಾನೂ ಮಗಳನ್ನು ಗದರಿದೆ. ಆ ಮಾತು ನೆನೆದರೆ ಈಗಲೂ ಹೊಟ್ಟೆ ಚುರ್ ಎನ್ನುತ್ತದೆ.

ಕಣ್ಣಿನ ಡಾಕ್ಟರಿಗೆ ತೋರಿಸಿದ್ದಾಯಿತು. ಕಣ್ಣು ಚೆನ್ನಾಗಿಯೇ ಇತ್ತು. ಕೊನೆಗೆ ನಮ್ಮ ಮಾಮೂಲಿ ಡಾಕ್ಟರು, "ತಲೆನೋವು ಎಲ್ಲೆಲ್ಲಿ ಬರ್ತದೆ ಮಗೂ?" ಎಂದು ಕೇಳಿದರು. ಅವಳು, "ಕಾರಿನಲ್ಲಿ ಹಿಂದೆ ಕೂತಾಗ ಮಾತ್ರ. ಬಸ್ಸಲ್ಲಿ ಬರೋದಿಲ್ಲ" ಎಂದಳು. ಡಾಕ್ಟರು ಔಷಧಿ ಬರೆಯಲಿಲ್ಲ. "ಮೊದಲು ಕಾರನ್ನು ಮೆಕ್ಯಾನಿಕ್‌ಗೆ ತೋರಿಸಿ. ಅಲ್ಲಿಯವರೆಗೆ ಮಗುವನ್ನು ಅದರಲ್ಲಿ ಕೂರಿಸಬೇಡಿ" ಎಂದರು.

ಮೆಕ್ಯಾನಿಕ್ ಕಾರನ್ನು ಮೇಲೆತ್ತಿ ಟಾರ್ಚ್ ಹಿಡಿದ. ತೇಪೆಯೇನೋ ಗಟ್ಟಿಯಾಗಿತ್ತು, ಅದರ ಸುತ್ತಲ ತಗಡು ಸುಟ್ಟ ಹಪ್ಪಳದಂತಾಗಿತ್ತು! ಬೆರಳಿನಿಂದ ಒತ್ತಿದರೆ ಪುಡಿ. ಹಿಂದಿನ ಸೀಟಿನಡಿಯ ನೆಲದಲ್ಲಿದ್ದ ರಬ್ಬರ್ ಬಿರಡೆಯೂ ಬಿದ್ದುಹೋಗಿತ್ತು. ಹೊಗೆ ಸೀದಾ ಆ ಕಿಂಡಿಯಿಂದ ಒಳಗೆ. ಮಳೆಯೆಂದು ನಾವು ಗಾಜು ಬೇರೆ ಏರಿಸಿರುತ್ತಿದ್ದೆವು.

ಕೆಂಡದ ಒಲೆಯ ಪಾಠ

ಚಳಿ ಎಂದು ಕೆಂಡದ ಅಗ್ಗಿಷ್ಟಿಕೆ ಇಟ್ಟುಕೊಂಡು ಕೋಣೆಯ ಬಾಗಿಲು ಭದ್ರಪಡಿಸಬಾರದು ಎಂದು ನಮ್ಮ ಹಿರಿಯರು ಹೇಳುತ್ತಿದ್ದರಲ್ಲವೇ? ಕಾರಿನ ವಿಷಯವೂ ಅದೇ. ಕೆಂಡದಿಂದಲೂ ಪೆಟ್ರೋಲ್ ಎಂಜಿನ್ನಿನಿಂದಲೂ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅದನ್ನು ಅಪ್ಪಿಕೊಳ್ಳುತ್ತದೆ. ಮೊದಲು ತಲೆನೋವು, ತಲೆಸುತ್ತು, ಓಕರಿಕೆ. ಹೆಚ್ಚಾದರೆ ಎಚ್ಚರ ತಪ್ಪಿ ಪ್ರಾಣಕ್ಕೇ ಸಂಚಕಾರ. ಕಾರಿನಲ್ಲಿ ಬರುವ ತಲೆನೋವು ಹೊರಗಿನ ಗಾಳಿಗೆ ಬಂದ ಮೇಲೆ ಇಳಿದರೆ ಬರೀ ಪಯಣದ ವಾಂತಿ ಎಂದು ತಳ್ಳಿಹಾಕಬೇಡಿ. ಹಾಗೆಯೇ, ಬಾಗಿಲು ಹಾಕಿದ ಶೆಡ್ಡಿನೊಳಗೆ ಕಾರನ್ನು ಚಾಲೂ ಮಾಡಿಟ್ಟು ಬಿಡಲೇಬೇಡಿ.

ಸೈಲೆನ್ಸರ್ ಎಂದರೆ ಕಾರಿನ ಹೊಗೆಕೊಳವೆಯ ತುದಿಯ ಡಬ್ಬ. ಒಳಗೆ ಗೋಡೆಗಳು, ತೂತು ತೂತಿನ ಕೊಳವೆಗಳು ಇರುತ್ತವೆ. ಎಂಜಿನ್ನಿನ ಸದ್ದು ಅಲ್ಲಿ ಸುತ್ತಿ ಬಳಸಿ ತಗ್ಗುತ್ತದೆ. ಹೊಗೆಯನ್ನು ನಮ್ಮಿಂದ ದೂರ, ಹಿಂದಕ್ಕೆ ಸಾಗಿಸುವುದೂ ಅದರದೇ ಕೆಲಸ. ಅಡುಗೆಮನೆಯ ಅಸ್ತ್ರ ಒಲೆಯ ಕೊಳವೆ ನಡುವೆ ಒಡೆದರೆ ಹೊಗೆ ಎಲ್ಲಿಗೆ ಬರುತ್ತದೆ, ನೀವೇ ಹೇಳಿ!

ಅಷ್ಟು ಬೇಗ ತುಕ್ಕು ಏಕೆ ಎಂದಿರಾ? ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು ಒಂದು ಲೀಟರ್ ನೀರೇ ಆವಿಯಾಗಿ ಹೊರಬರುತ್ತದೆ. ದೂರ ಓಡಿದರೆ ಡಬ್ಬ ಕಾದು ನೀರು ಆರಿಹೋಗುತ್ತದೆ. ನಮ್ಮ ಹಾಗೆ ಎರಡು ಕಿಲೋಮೀಟರ್ ಓಡಿಸಿ ನಿಲ್ಲಿಸಿದರೆ ಒಳಗೇ ಉಳಿದು, ಹೊಗೆಯ ಆಮ್ಲದೊಂದಿಗೆ ಸೇರಿ ಒಳಗಿನಿಂದ ತಿನ್ನುತ್ತದೆ. ಹಂಪು ಕೊನೆಯ ಏಟು ಕೊಟ್ಟಿತು, ಅಷ್ಟೇ. ಬೆಳಿಗ್ಗೆ ಕೊಳವೆಯಿಂದ ನಾಲ್ಕು ಹನಿ ನೀರು ತೊಟ್ಟಿಕ್ಕಿದರೆ ಗಾಬರಿ ಬೇಡ. ಕೆಲವು ಸೈಲೆನ್ಸರ್‌ಗಳಿಗೆ ನೀರು ಇಳಿಯಲೆಂದೇ ಅಡಿಯಲ್ಲಿ ಸಣ್ಣ ರಂಧ್ರ ಇಟ್ಟಿರುತ್ತಾರೆ.

ಕಂಪನಿಯದೋ, ಹೊರಗಿನದೋ?

ಮತ್ತೆ ತೇಪೆಯ ಮಾತೇ ಇರಲಿಲ್ಲ. ಹರಿದ ಹಳೇ ಸೀರೆಗೆ ಹೊಲಿಗೆ ನಿಲ್ಲುತ್ತದೆಯೇ? ಕಂಪನಿಯ ಸೈಲೆನ್ಸರ್ ತರಿಸಲು ಕಾಯಬೇಕಿತ್ತು. ಬೇರೆಯವರು ಅದೇ ಅಳತೆಗೆ ಮಾಡಿದ್ದು ಅರ್ಧಕ್ಕಿಂತ ತುಸು ಹೆಚ್ಚು ಬೆಲೆಗೆ ಶಿವಮೊಗ್ಗದಲ್ಲಿ ಸಿಗುತ್ತದೆ ಎಂದ ಮೆಕ್ಯಾನಿಕ್. ಹದಿನೈದು ವರ್ಷದ ಕಾರಿಗೆ ಅದೇ ಸಾಕೆಂದು ಹೊರಟೆವು, ಬಸ್ಸಿನಲ್ಲಿ! ಅಂಗಡಿಯವರು ಎರಡು ತಂದಿಟ್ಟರು. ನೋಡಲು ಎರಡೂ ಅಕ್ಕತಂಗಿಯರ ಹಾಗೆ. ನಾನು ಒಂದೊಂದನ್ನೇ ಎತ್ತಿ ನೋಡಿದೆ. ಒಂದು ತೀರಾ ಹಗುರ. ಮಡಕೆ ಕೊಳ್ಳುವಾಗ ಮಾಡುವಂತೆ ತಟ್ಟಿದರೆ ಖಾಲಿ ಡಬ್ಬದ ಸದ್ದು. ಅಂಗಡಿಯವರು ನಕ್ಕರು. ನಕ್ಕರೆ ನಗಲಿ, ನಾನು ಭಾರದ್ದನ್ನೇ ಆರಿಸಿದೆ. ಮೆಕ್ಯಾನಿಕ್, "ಒಳ್ಳೇದೇ ತಂದಿದ್ದೀರಿ ಅಕ್ಕಾ" ಎಂದ.

ನೀವು ಕೊಳ್ಳುವಾಗ ಇಷ್ಟು ನೋಡಿ:

1. ಕಾರಿನ ಮಾದರಿ, ತಯಾರಾದ ವರ್ಷ ಚೀಟಿಯಲ್ಲಿ ಬರೆದೊಯ್ಯಿರಿ. ಹಳೆಯದನ್ನೇ ಒಯ್ದರೆ ಇನ್ನೂ ವಾಸಿ. ಕೊಳವೆಯ ದಪ್ಪ, ಉದ್ದ, ಬಾಗು, ನೇತು ಹಾಕುವ ಕೊಂಡಿಗಳ ಜಾಗ ಎಲ್ಲ ಒಂದೇ ಇರಬೇಕು. "ಬಡಿದು ಕೂರಿಸೋಣ" ಎಂದರೆ ಒಪ್ಪಬೇಡಿ.

2. ಅಲ್ಲಾಡಿಸಿ ನೋಡಿ. ಒಳಗೆ ಗಲಗಲ ಎಂದರೆ ಬೇಡ. ಅಂಚಿನ ಬೆಸುಗೆ ಎಲ್ಲೂ ಬಿಡದೆ ಸಮನಾಗಿರಬೇಕು.

3. ಬರೀ ಕಪ್ಪು ಬಣ್ಣ ಬಳಿದ ಕಬ್ಬಿಣಕ್ಕಿಂತ ಅಲ್ಯೂಮಿನಿಯಂ ಲೇಪದ ಉಕ್ಕು ಹೆಚ್ಚು ಬಾಳುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಇನ್ನೂ ಹೆಚ್ಚು, ಬೆಲೆಯೂ ಹೆಚ್ಚು.

4. ಜೊತೆಗೇ ಹೊಸ ಗ್ಯಾಸ್ಕೆಟ್, ನೇತು ಹಾಕುವ ರಬ್ಬರು, ನಟ್ಟು ಬೋಲ್ಟು ತನ್ನಿ. ಇಲ್ಲಿ ಚೌಕಾಸಿ ಮಾಡಿದರೆ ಕೀಲಿನಲ್ಲಿ ಮತ್ತೆ ಸೋರುತ್ತದೆ.

5. ಬಿಲ್ಲು ಕೇಳಿ ಪಡೆಯಿರಿ. ತಪ್ಪು ಅಳತೆಯದಾದರೆ ವಾಪಸು ಕೊಡಲು ಬೇಕಾಗುತ್ತದೆ.

ಇನ್ನೊಂದು ಮುಖ್ಯ ಮಾತು. ಸೈಲೆನ್ಸರ್‌ಗಿಂತ ಮುಂದೆ, ಎಂಜಿನ್ನಿನ ಕಡೆಗೆ, ಕ್ಯಾಟಲಿಟಿಕ್ ಕನ್ವರ್ಟರ್ ಎಂಬುದಿರುತ್ತದೆ. ಕೆಟ್ಟ ಅನಿಲದ ಬಹುಪಾಲನ್ನು ತಣಿಸುವುದು ಅದೇ. ಅದರಲ್ಲಿ ಪ್ಲಾಟಿನಂ, ಪಲಾಡಿಯಂ, ರೋಡಿಯಂನಂಥ ಬೆಲೆಬಾಳುವ ಲೋಹಗಳಿರುತ್ತವೆ. "ಅದು ಬೇಡ, ತೆಗೆದುಬಿಡೋಣ" ಎಂದು ಯಾರಾದರೂ ಹೇಳಿದರೆ ಖಂಡಿತ ಬೇಡ ಅನ್ನಿ. ಬಿಚ್ಚಿದ ಹಳೆಯ ಸಾಮಾನನ್ನೆಲ್ಲ ನಿಮ್ಮ ಕಣ್ಣ ಮುಂದೆ ಇಡಲು ಹೇಳಿ.

ಮೈದುನನ ಮಗ, "ದೊಡ್ಡಮ್ಮಾ, ಗಡಗಡ ಸದ್ದಿನದು ಹಾಕಿಸಿ, ಚೆನ್ನಾಗಿರ್ತದೆ" ಎಂದ. ಚೆನ್ನಾಗಿಯೇ ಇರ್ತದೆ! ಸದ್ದು ತಗ್ಗಿಸುವ ಸೈಲೆನ್ಸರ್ ಇರಲೇಬೇಕೆಂದು 1989ರ ಮೋಟಾರು ವಾಹನ ನಿಯಮಗಳೇ ಹೇಳುತ್ತವೆ. 2019ರ ತಿದ್ದುಪಡಿಯ ನಂತರ ಶಬ್ದ ಮತ್ತು ಹೊಗೆಯ ನಿಯಮ ಮೀರಿದರೆ 10,000 ರೂಪಾಯಿವರೆಗೂ ದಂಡ ಬೀಳಬಹುದು.

ಜೋಡಿಸಿದ ಮೇಲೆ

ಮೊದಲ ದಿನ ಸ್ವಲ್ಪ ಹೊಗೆ, ಸುಟ್ಟ ವಾಸನೆ ಬಂತು. ಹೊಸ ಬಣ್ಣ, ಎಣ್ಣೆ ಕಾದು ಆರುವುದು ಅದು. ಬೇಗ ನಿಂತಿತು. ಎರಡು ದಿನ ಓಡಿಸಿ ಮತ್ತೆ ಬೋಲ್ಟು ಬಿಗಿ ಮಾಡಿಸಿದೆವು. ಕೀಲಿಗೆಲ್ಲ ಸೋಪಿನ ನೀರು ಹಚ್ಚಿ, ಗುಳ್ಳೆ ಏಳುವುದಿಲ್ಲವೆಂದು ಮೆಕ್ಯಾನಿಕ್ ನನಗೇ ತೋರಿಸಿದ. ನೆಲದ ಕಿಂಡಿಗೆ ಹೊಸ ರಬ್ಬರ್ ಬಿರಡೆ ಬಂತು. ಅದರ ಬೆಲೆ ಒಂದು ಕಟ್ಟು ಕೊತ್ತಂಬರಿ ಸೊಪ್ಪಿನಷ್ಟೂ ಇರಲಿಲ್ಲ.

ಮುಂದಿನ ಭಾನುವಾರ ಅತ್ತೆಯ ಮನೆಗೆ ಹೊರಟೆವು. ನಾನು ದಾರಿಯುದ್ದಕ್ಕೂ ಹಿಂದಕ್ಕೆ ತಿರುಗಿ ತಿರುಗಿ ನೋಡುತ್ತಿದ್ದೆ. ಅರ್ಧ ದಾರಿಯಲ್ಲೇ ಮಗಳು, "ಅಮ್ಮಾ, ಚಕ್ಕುಲಿ ಡಬ್ಬ ಕೊಡು" ಎಂದಳು. ಅಜ್ಜಿಯ ಮನೆಯಲ್ಲಿ ಎರಡು ಸಲ ಬಡಿಸಿಕೊಂಡು ಉಂಡಳು. ಅತ್ತೆಗೆ ನಾನೇ ವಿಷಯ ಬಿಡಿಸಿ ಹೇಳಿದೆ. ಅವರು ಮೊಮ್ಮಗಳ ತಲೆ ಸವರುತ್ತಾ ಬಹಳ ಹೊತ್ತು ಸುಮ್ಮನೆ ಕೂತಿದ್ದರು.

ನಿಮ್ಮ ಮನೆಯಲ್ಲೂ ಹಳೆಯ ಕಾರಿದೆಯೇ? ನಾಳೆ ಬೆಳಿಗ್ಗೆ ಯಜಮಾನರು ಅದನ್ನು ಹೊರಗೆ ತಂದು ಚಾಲೂ ಮಾಡಿದಾಗ ಅಂಗಳದಲ್ಲಿ ಒಂದು ನಿಮಿಷ ನಿಂತು ಕಿವಿಗೊಡಿ. ದಿನಾ ಕೇಳುವ ಸದ್ದು ಬದಲಾದರೆ, ಕುಕ್ಕರಿನ ಸೀಟಿ ಕೇಳಿದವರಿಗೆ ಅದು ತಿಳಿಯದೇ ಇರುತ್ತದೆಯೇ?